ಬೆಕ್ಕಿಗೆ ತುತ್ತು, ನೆರೆಮನೆಗೆ ಸಿಟ್ಟು: ಪುಣೆಯ ಶಿವಾಜಿನಗರದವರೆಗೆ ಬರುವ ಜಗಳಕ್ಕೆ ಪರಿಹಾರ ಎಲ್ಲಿದೆ?

ಪಾರ್ಕಿಂಗ್ ಮೂಲೆಯಲ್ಲಿ ಒಂದು ತಟ್ಟೆ. ಅದರಲ್ಲಿ ಒಂದಿಷ್ಟು ಅನ್ನ, ಮೀನಿನ ತುಂಡು. ಸಂಜೆ ಅದನ್ನು ತಿನ್ನಲು ಬರುವ ಮೂರು ಬೆಕ್ಕುಗಳು. ಅವುಗಳನ್ನು ನೋಡಿ ಬಾಲ್ಕನಿಯಿಂದ ಕೂಗಾಡುವ ನೆರೆಯವರು. ಭಾರತದ ಯಾವುದೇ ಮಹಾನಗರದ ಅಪಾರ್ಟ್‌ಮೆಂಟ್‌ನಲ್ಲಿ ಕಾಣಸಿಗುವ ದೃಶ್ಯ ಇದು. ಮೊದಲು ಮಾತಿನ ಚಕಮಕಿ, ನಂತರ ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಜಟಾಪಟಿ, ಆಮೇಲೆ ನೋಟಿಸ್, ಕೊನೆಗೆ ಪೊಲೀಸ್ ಠಾಣೆ.

ಪುಣೆಯಲ್ಲಿ ಇಂಥ ಜಗಳ ಯಾವ ಬಡಾವಣೆಯಲ್ಲಿ ಶುರುವಾದರೂ ಅದರ ಕಾಗದಪತ್ರ ಕೊನೆಗೆ ಬಂದು ಸೇರುವ ಜಾಗ ಶಿವಾಜಿನಗರ. ಇದು ಕನ್ನಡಿಗರಿಗೆ ಚಿರಪರಿಚಿತವಾದ ರಸೆಲ್ ಮಾರುಕಟ್ಟೆಯ ಶಿವಾಜಿನಗರವಲ್ಲ. ಒಂದು ಕಾಲಕ್ಕೆ ಭಾಂಬುರ್ಡೆ ಎಂಬ ಹಳ್ಳಿಯಾಗಿದ್ದ ಈ ಪ್ರದೇಶದಲ್ಲಿ ಪುಣೆ ಮಹಾನಗರ ಪಾಲಿಕೆಯ ಕೇಂದ್ರ ಕಚೇರಿ ಇದೆ, ಜಿಲ್ಲಾ ನ್ಯಾಯಾಲಯ ಇದೆ. ಹಳೆಯ ಬಂಗಲೆಗಳಿರುವ ಮಾಡೆಲ್ ಕಾಲನಿ, ವಿದ್ಯಾರ್ಥಿಗಳು ತುಂಬಿರುವ ಫರ್ಗ್ಯುಸನ್ ಕಾಲೇಜು ರಸ್ತೆ, ಒತ್ತೊತ್ತಾದ ಮನೆಗಳಿರುವ ಹಳೆಯ ಗಾವಠಾಣ ಎಲ್ಲವೂ ಆಸುಪಾಸಿನಲ್ಲೇ ಇವೆ. ಅಂದರೆ ಜಗಳ ಹುಟ್ಟುವ ಜಾಗವೂ ಇಲ್ಲೇ ಇದೆ, ಅದು ಇತ್ಯರ್ಥವಾಗಬೇಕಾದ ಕಚೇರಿಯೂ ಇಲ್ಲೇ ಇದೆ. ಆದರೂ ಬೆಕ್ಕಿನ ಜಗಳ ಬಗೆಹರಿಯುವುದು ಏಕೆ ಇಷ್ಟು ಕಷ್ಟ?

ನಾಯಿಗೊಂದು ದಾರಿ, ಬೆಕ್ಕಿಗಿಲ್ಲ ದಾರಿ

ಬೀದಿ ಪ್ರಾಣಿಗಳ ಬಗ್ಗೆ ದೇಶದಲ್ಲಿ ನಡೆಯುವ ಚರ್ಚೆಯೆಲ್ಲ ನಾಯಿಗಳ ಸುತ್ತಲೇ ಇದೆ. ಅದಕ್ಕೆ ಕಾರಣವೂ ಇದೆ. ನಾಯಿ ಕಡಿತ, ರೇಬೀಸ್ ಸಾವು, ಮಕ್ಕಳ ಮೇಲಿನ ದಾಳಿ ಎಲ್ಲವೂ ಜೀವದ ಪ್ರಶ್ನೆ. ಬೆಕ್ಕಿನ ವಿಷಯದಲ್ಲಿ ಅಂಥ ಭೀತಿ ಕಡಿಮೆ. ಹಾಗಾಗಿ ಕಾನೂನಿನ ಗಮನವೂ ಕಡಿಮೆ.

ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಪ್ರಾಣಿಗಳ ಸಂತಾನ ನಿಯಂತ್ರಣ ನಿಯಮಗಳನ್ನು ಜಾರಿಗೆ ತಂದಿತು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ರೂಪಿಸಿದ ಈ ನಿಯಮಗಳಲ್ಲಿ 20ನೇ ನಿಯಮ ಬಹಳ ಮುಖ್ಯ. ಯಾರೂ ತಮ್ಮದೆಂದು ಹೇಳಿಕೊಳ್ಳದ, ಬಡಾವಣೆಯಲ್ಲೇ ಹುಟ್ಟಿ ಬೆಳೆದ ಪ್ರಾಣಿಯನ್ನು ಈ ನಿಯಮಗಳು 'ಸಮುದಾಯ ಪ್ರಾಣಿ' ಎಂದು ಕರೆಯುತ್ತವೆ. ಕಾಡುಪ್ರಾಣಿಗಳು ಮಾತ್ರ ಈ ವ್ಯಾಖ್ಯಾನದ ಹೊರಗೆ. ಅಂದಮೇಲೆ ಬೀದಿ ಬೆಕ್ಕೂ ಇದರೊಳಗೆ ಬರುತ್ತದೆ.

20ನೇ ನಿಯಮದ ಪ್ರಕಾರ ಇಂಥ ಪ್ರಾಣಿಗಳಿಗೆ ಆಹಾರ ಹಾಕಲು ವ್ಯವಸ್ಥೆ ಮಾಡುವುದು ನಿವಾಸಿಗಳ ಸಂಘದ, ಅಪಾರ್ಟ್‌ಮೆಂಟ್ ಮಾಲೀಕರ ಸಂಘದ ಅಥವಾ ಸ್ಥಳೀಯ ಸಂಸ್ಥೆಯ ಹೊಣೆ. ಆಹಾರ ಹಾಕುವ ಜಾಗ ಮಕ್ಕಳ ಆಟದ ಮೈದಾನ, ಪ್ರವೇಶ ದ್ವಾರ, ಮೆಟ್ಟಿಲುಗಳಿಂದ ದೂರ ಇರಬೇಕು. ಮಕ್ಕಳು, ಹಿರಿಯರು ಓಡಾಡುವ ಹೊತ್ತನ್ನು ಬಿಟ್ಟು ಸಮಯ ನಿಗದಿ ಮಾಡಬೇಕು. ಆಹಾರ ಹಾಕುವವರು ಗಲೀಜು ಮಾಡಬಾರದು. ನೋಡಿದರೆ ಇಬ್ಬರಿಗೂ ಒಪ್ಪುವಂಥ ಮಾತು.

ಸಮಸ್ಯೆ ಇರುವುದು ವಿವರಗಳಲ್ಲಿ. ಜಾಗ ಗುರುತಿಸುವಾಗ ನಾಯಿಗಳ ಸಂಖ್ಯೆ ಮತ್ತು ಅವುಗಳ ಸರಹದ್ದನ್ನು ಗಮನಿಸಬೇಕು ಎನ್ನುತ್ತದೆ ನಿಯಮ. ನಾಯಿ ತನ್ನ ಬೀದಿ ಬಿಟ್ಟು ಹೋಗುವುದಿಲ್ಲ. ಬೆಕ್ಕಿನ ಲೆಕ್ಕವೇ ಬೇರೆ. ಅದು ಒಂದು ಸೊಸೈಟಿಯಲ್ಲಿ ಉಣ್ಣುತ್ತದೆ, ಕಾಂಪೌಂಡ್ ಹಾರಿ ಇನ್ನೊಂದರಲ್ಲಿ ಮರಿ ಹಾಕುತ್ತದೆ, ಮೂರನೆಯದರ ಹೂಕುಂಡದಲ್ಲಿ ಮಣ್ಣು ಕೆದರುತ್ತದೆ. ಆಹಾರ ಹಾಕಿದ ತೃಪ್ತಿ ಒಬ್ಬರದು, ಗಲೀಜು ತೊಳೆಯುವ ಕೆಲಸ ಮತ್ತೊಬ್ಬರದು. ಜಗಳದ ಬೇರು ಇರುವುದು ಇಲ್ಲಿಯೇ. ಒಂದು ಸೊಸೈಟಿಯ ಗೇಟಿನೊಳಗೆ ಮಾಡಿಕೊಂಡ ಒಪ್ಪಂದ ಪಕ್ಕದ ಸೊಸೈಟಿಯನ್ನು ಕಟ್ಟಿಹಾಕುವುದಿಲ್ಲ.

ನ್ಯಾಯಾಲಯಗಳು ಹೇಳಿದ್ದೇನು?

ಮಹಾರಾಷ್ಟ್ರದಲ್ಲಿ ಈ ವಿಷಯ ಹಲವು ಬಾರಿ ಹೈಕೋರ್ಟ್ ಮೆಟ್ಟಿಲೇರಿದೆ. 2022ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್‌ನ ನಾಗ್ಪುರ ಪೀಠ, ಬೀದಿ ನಾಯಿಗಳಿಗೆ ಆಹಾರ ಹಾಕಲು ಬಯಸುವವರು ಅವನ್ನು ದತ್ತು ಪಡೆದು ಮನೆಗೆ ಕರೆದೊಯ್ಯಬೇಕು ಎಂದಿತ್ತು. ಒಂದೇ ತಿಂಗಳಲ್ಲಿ, ನವೆಂಬರ್ 16ರಂದು ಸುಪ್ರೀಂ ಕೋರ್ಟ್ ದಂಡದಂಥ ಬಲವಂತದ ಕ್ರಮಕ್ಕೆ ತಡೆ ನೀಡಿತು. ಆಹಾರ ಹಾಕುವವರು ದತ್ತು ಪಡೆಯಲೇಬೇಕೆಂದು ಒತ್ತಾಯಿಸಲಾಗದು ಎಂಬುದು ಸುಪ್ರೀಂ ಕೋರ್ಟ್‌ನ ನಿಲುವಾಗಿತ್ತು.

ನವಿ ಮುಂಬೈನ ಸೀವುಡ್ಸ್ ಪ್ರದೇಶದ ವಸತಿ ಸಂಕೀರ್ಣವೊಂದರಲ್ಲಿ ಬೀದಿ ನಾಯಿಗಳಿಗೆ ಆಹಾರ ಹಾಕಿದ್ದಕ್ಕೆ ನಿವಾಸಿಯೊಬ್ಬರ ಮೇಲೆ ಹೊರಿಸಿದ ದಂಡದ ಮೊತ್ತ 2021ರ ಡಿಸೆಂಬರ್ ಹೊತ್ತಿಗೆ 8 ಲಕ್ಷ ರೂಪಾಯಿ ದಾಟಿತ್ತು. ದಿನಕ್ಕೆ 5,000 ರೂಪಾಯಿಯಂತೆ ಲೆಕ್ಕ ಹಾಕಲಾಗಿತ್ತು. 20ನೇ ನಿಯಮದ ಸಾಂವಿಧಾನಿಕ ಸಿಂಧುತ್ವವನ್ನು ಪ್ರಶ್ನಿಸಿದ ಅರ್ಜಿಯೂ ಸೀವುಡ್ಸ್‌ನಿಂದಲೇ ಹೈಕೋರ್ಟ್‌ಗೆ ಹೋಯಿತು. 2025ರ ಜನವರಿಯಲ್ಲಿ ಹೈಕೋರ್ಟ್ ಆ ನಿಯಮವನ್ನು ಎತ್ತಿಹಿಡಿಯಿತು. ನಾಯಿಗಳಿಗೆ ಆಹಾರ ಹಾಕುವ ನಿವಾಸಿಯ ಮನೆಗೆಲಸದವರನ್ನು ಗೇಟಿನಲ್ಲಿ ತಡೆದ ವಿಷಯವೂ ಇದೇ ವ್ಯಾಜ್ಯದ ಭಾಗವಾಗಿತ್ತು.

ಆಹಾರ ಹಾಕುವವರ ಪರವಾಗಿಯೇ ಎಲ್ಲವೂ ಇದೆ ಎಂದುಕೊಂಡರೆ ಅದೂ ತಪ್ಪು. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್‌ನ ಮೂವರು ನ್ಯಾಯಮೂರ್ತಿಗಳ ಪೀಠ, ಬೀದಿಗಳಲ್ಲಿ ನಾಯಿಗಳಿಗೆ ಆಹಾರ ಹಾಕುವುದನ್ನು ನಿಷೇಧಿಸಿ, ಪ್ರತಿ ವಾರ್ಡ್‌ನಲ್ಲೂ ಅದಕ್ಕೆಂದೇ ಜಾಗ ಗುರುತಿಸಬೇಕೆಂದು ಸೂಚಿಸಿತು. ಈ ಆದೇಶ ನಾಯಿಗಳ ಕುರಿತದ್ದು. ಬೆಕ್ಕಿನ ಹೆಸರು ಅದರಲ್ಲಿ ಮುಖ್ಯವಲ್ಲ. ಆದರೆ ನೆರೆಯವರ ವಾದಕ್ಕೆ ಅದು ಬಲ ತಂದಿದೆ. 'ಸುಪ್ರೀಂ ಕೋರ್ಟೇ ಬೇಡ ಎಂದಿದೆ' ಎಂದು ಯಾರಾದರೂ ಹೇಳಿದರೆ, ಅದರಲ್ಲಿ ಅರ್ಧ ಸತ್ಯವಿದೆ. ನಿಗದಿತ ಜಾಗದಲ್ಲಿ ಆಹಾರ ಹಾಕುವುದನ್ನು ಆ ಆದೇಶ ತಡೆದಿಲ್ಲ ಎಂಬುದು ಉಳಿದರ್ಧ.

ಬೆಕ್ಕು ಕೋರ್ಟಿಗೆ ಹೋದಾಗ

ಬೆಕ್ಕಿನ ಜಗಳ ಕ್ರಿಮಿನಲ್ ಪ್ರಕರಣವಾದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಒಂದು ಉದಾಹರಣೆ ಇದೆ. ಬೆಂಗಳೂರು ಹೊರವಲಯದಲ್ಲಿ 'ಡೈಸಿ' ಎಂಬ ಸಾಕು ಬೆಕ್ಕು ಕಾಣೆಯಾಯಿತು. ನೆರೆಮನೆಯವರೇ ಅದನ್ನು ಕೂಡಿಹಾಕಿದ್ದಾರೆ ಎಂದು ಮಹಿಳೆಯೊಬ್ಬರು ದೂರು ನೀಡಿದರು. ಸಿಸಿಟಿವಿ ದೃಶ್ಯ ನೋಡಿದ ಪೊಲೀಸರು ಶಾಂತಿಭಂಗಕ್ಕೆ ಪ್ರಚೋದನೆ, ಬೆದರಿಕೆ, ಮಹಿಳೆಯ ಗೌರವಕ್ಕೆ ಧಕ್ಕೆ ತರುವ ಕಲಂಗಳಡಿ ಆರೋಪಪಟ್ಟಿಯನ್ನೂ ಸಲ್ಲಿಸಿದರು. 2024ರ ಜುಲೈನಲ್ಲಿ ಕರ್ನಾಟಕ ಹೈಕೋರ್ಟ್‌ನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠ ಆ ವಿಚಾರಣೆಗೆ ತಡೆ ನೀಡಿತು. ಇಂಥ ಪ್ರಕರಣಗಳನ್ನು ಮುಂದುವರಿಯಲು ಬಿಟ್ಟರೆ ಕ್ರಿಮಿನಲ್ ನ್ಯಾಯ ವ್ಯವಸ್ಥೆಯ ಮೇಲೆಯೇ ಹೊರೆ ಬೀಳುತ್ತದೆ ಎಂಬುದು ಪೀಠದ ಆತಂಕವಾಗಿತ್ತು.

ಈ ಪ್ರಕರಣ ಹೇಳುವ ಪಾಠ ಸರಳ. ಬೆಕ್ಕಿನ ಮೇಲಿನ ಸಿಟ್ಟನ್ನು ಬೆದರಿಕೆ, ಅವಮಾನದ ಕಲಂಗಳಿಗೆ ಹೊಂದಿಸಿ ದೂರು ಕೊಟ್ಟರೆ ಠಾಣೆಯಲ್ಲಿ ದಾಖಲಾಗಬಹುದು, ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಅಷ್ಟರಲ್ಲಿ ಎರಡೂ ಮನೆಯವರು ವರ್ಷಗಟ್ಟಲೆ ಓಡಾಡಿರುತ್ತಾರೆ. ಮಧ್ಯೆ ಒಂದೇ ಗೋಡೆ ಇರುವವರು ಲಿಫ್ಟ್‌ನಲ್ಲಿ ಮುಖ ತಿರುಗಿಸಿಕೊಂಡು ಬದುಕಬೇಕಾಗುತ್ತದೆ.

ನೆರೆಯವರ ದೂರಿನಲ್ಲಿ ಹುರುಳಿಲ್ಲವೇ?

ಇದೆ. ಅದನ್ನು ಒಪ್ಪಿಕೊಳ್ಳದೆ ಮುಂದೆ ಹೋಗಲಾಗದು. ನೆರೆಯವರ ದೂರುಗಳನ್ನು ಪಟ್ಟಿ ಮಾಡಿದರೆ ಹೆಚ್ಚಿನವು ಮೂರರಲ್ಲಿ ಒಂದಾಗಿರುತ್ತವೆ: ಮೂತ್ರದ ಗಬ್ಬು ವಾಸನೆ, ರಾತ್ರಿಯ ಕೂಗಾಟ, ಹೆಚ್ಚುತ್ತಲೇ ಹೋಗುವ ಮರಿಗಳು. ಬೈಕ್ ಸೀಟ್ ಹರಿಯುವುದು, ಕಾರಿನ ಬಾನೆಟ್ ಮೇಲೆ ಉಗುರಿನ ಗೀರು, ಉಳಿದ ಆಹಾರಕ್ಕೆ ಬರುವ ಇಲಿ, ಇರುವೆ ನಂತರದ ಸ್ಥಾನದಲ್ಲಿವೆ. ಬೆಕ್ಕು ಅಡ್ಡ ಬಂದರೆ ಅಪಶಕುನ ಎನ್ನುವವರೂ ಇದ್ದಾರೆ. ಅದಕ್ಕೆ ಯಾವ ಸಮಿತಿಯ ಬಳಿಯೂ ಉತ್ತರವಿಲ್ಲ. ಆದರೆ ಮೊದಲ ಮೂರು ದೂರುಗಳು ನಿಜವಾದವು.

ಮಿತಿ ಮೀರಿದರೆ ಏನಾಗುತ್ತದೆ ಎಂಬುದನ್ನು ಪುಣೆಯೇ ನೋಡಿದೆ. 2025ರ ಫೆಬ್ರವರಿಯಲ್ಲಿ ಹಡಪ್ಸರದ ವಸತಿ ಸಂಕೀರ್ಣವೊಂದರ ಫ್ಲ್ಯಾಟ್‌ನಲ್ಲಿ 300ಕ್ಕೂ ಹೆಚ್ಚು ಬೆಕ್ಕುಗಳಿರುವುದು ದೇಶಾದ್ಯಂತ ಸುದ್ದಿಯಾಯಿತು. 2020ರಲ್ಲಿ ಅಲ್ಲಿ ಸುಮಾರು 50 ಬೆಕ್ಕುಗಳಿದ್ದವು ಎಂದು ನಿವಾಸಿಗಳು ಹೇಳಿದ್ದರು. ವಾಸನೆ ಮತ್ತು ಗದ್ದಲದ ಬಗ್ಗೆ ಬಂದ ದೂರುಗಳ ಮೇಲೆ ಅಧಿಕಾರಿಗಳು ತಪಾಸಣೆ ನಡೆಸಿ, ಬೆಕ್ಕುಗಳನ್ನು ಸ್ಥಳಾಂತರಿಸುವಂತೆ ಸೂಚಿಸಿದರು. ಇಲ್ಲಿ ದೂರಿದವರನ್ನು ಪ್ರಾಣಿದ್ವೇಷಿಗಳು ಎನ್ನಲಾಗದು. ಐದು ವರ್ಷಗಳಲ್ಲಿ 50 ಇದ್ದದ್ದು 300 ಆಗುವವರೆಗೆ ವ್ಯವಸ್ಥೆ ಏನು ಮಾಡುತ್ತಿತ್ತು ಎಂಬುದೇ ಅಲ್ಲಿ ಕೇಳಬೇಕಾದ ಪ್ರಶ್ನೆ.

ಪುಣೆ ಮಹಾನಗರ ಪಾಲಿಕೆ 2022ರಲ್ಲಿ ಸಾಕು ಬೆಕ್ಕುಗಳಿಗೂ ಪರವಾನಗಿ ಕಡ್ಡಾಯ ಮಾಡುವ ತೀರ್ಮಾನ ಕೈಗೊಂಡಿತ್ತು. ಅದು ಮನೆಯ ಬೆಕ್ಕಿಗೆ ಅನ್ವಯಿಸುವ ಕ್ರಮ. ಆದರೆ ದಿನವೂ ಬಾಗಿಲಿಗೆ ಬಂದು ಉಂಡು ಹೋಗುವ ಬೆಕ್ಕು ಯಾರದು? ಉಣಿಸುವವರು 'ಅದು ಬೀದಿಯದು' ಎನ್ನುತ್ತಾರೆ. ನೆರೆಯವರು 'ನಿಮ್ಮದೇ, ಒಳಗೆ ಕಟ್ಟಿಹಾಕಿ' ಎನ್ನುತ್ತಾರೆ. ಜಗಳದ ಮುಕ್ಕಾಲು ಪಾಲು ಈ ಒಂದು ಪ್ರಶ್ನೆಯ ಸುತ್ತಲೇ ಸುತ್ತುತ್ತದೆ.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಮೇಲಿನ ಮೂರೂ ದೂರುಗಳಿಗೆ ಒಂದೇ ಮದ್ದು ಇದೆ ಎಂಬುದು ಕುತೂಹಲದ ಸಂಗತಿ. ಅದು ಸಂತಾನಹರಣ ಶಸ್ತ್ರಚಿಕಿತ್ಸೆ. ಹೆಣ್ಣು ಬೆಕ್ಕು ಹುಟ್ಟಿದ ನಾಲ್ಕರಿಂದ ಆರು ತಿಂಗಳಲ್ಲೇ ಬೆದೆಗೆ ಬರಬಹುದು. ಗರ್ಭದ ಅವಧಿ ಸುಮಾರು ಒಂಬತ್ತು ವಾರ. ವರ್ಷಕ್ಕೆ ಎರಡು ಮೂರು ಬಾರಿ ಮರಿ ಹಾಕುತ್ತದೆ. ರಾತ್ರಿಯ ಕೂಗಾಟ ಬೆದೆಗೆ ಬಂದ ಹೆಣ್ಣಿನದು ಮತ್ತು ಕಾದಾಡುವ ಗಂಡುಗಳದು. ಗೋಡೆ, ಟೈರುಗಳಿಗೆ ಮೂತ್ರ ಸಿಂಪಡಿಸುವುದು ಹೆಚ್ಚಾಗಿ ಶಸ್ತ್ರಚಿಕಿತ್ಸೆ ಆಗದ ಗಂಡು ಬೆಕ್ಕು. ಆಪರೇಷನ್ ಆದ ಮೇಲೆ ಮರಿ ನಿಲ್ಲುತ್ತದೆ, ಕೂಗು ತಗ್ಗುತ್ತದೆ, ವಾಸನೆಯೂ ಇಳಿಯುತ್ತದೆ. ಆಪರೇಷನ್ ಆದ ಬೆಕ್ಕಿನ ಕಿವಿಯ ತುದಿಯನ್ನು ಸ್ವಲ್ಪ ಕತ್ತರಿಸಿ ಗುರುತು ಮಾಡುವ ಪದ್ಧತಿಯೂ ಇದೆ. ಹಾಗಾಗಿ ಯಾವ ಬೆಕ್ಕಿಗೆ ಆಗಿದೆ, ಯಾವುದಕ್ಕೆ ಇಲ್ಲ ಎಂಬುದನ್ನು ನೆರೆಯವರೂ ನೋಡಿ ತಿಳಿಯಬಹುದು.

ಬೆಕ್ಕನ್ನು ಹಿಡಿದು ದೂರ ಬಿಟ್ಟು ಬಂದರೆ ಆಗದೇ? ಬಹುತೇಕ ಸೊಸೈಟಿಗಳು ಮೊದಲು ಯೋಚಿಸುವುದು ಇದನ್ನೇ. ಆದರೆ ಕಸ, ಇಲಿ, ಅಡಗಲು ಮೂಲೆ ಇರುವ ಜಾಗ ಖಾಲಿ ಉಳಿಯುವುದಿಲ್ಲ. ಕೆಲವೇ ವಾರಗಳಲ್ಲಿ ಬೇರೆ ಬೆಕ್ಕುಗಳು ಬಂದು ಸೇರುತ್ತವೆ, ಅವಕ್ಕೆ ಆಪರೇಷನ್ ಆಗಿರುವುದಿಲ್ಲ. ಕಣ್ಣು ಬಿಡದ ಮರಿಗಳನ್ನು ಗೋಣಿಚೀಲದಲ್ಲಿ ಹಾಕಿ ಬಿಟ್ಟು ಬರುವುದಂತೂ ಕೊಲ್ಲುವುದಕ್ಕೆ ಸಮ.

ಮುಂಬೈ ಮಹಾನಗರ ಪಾಲಿಕೆ 2019ರಲ್ಲೇ ಬೀದಿ ಬೆಕ್ಕುಗಳ ಸಂತಾನಹರಣ ಕಾರ್ಯಕ್ರಮ ಆರಂಭಿಸಿತು. ಆದರೂ ನಾಯಿಗಳಿಗೆ ಇರುವ ವಾಹನ, ಸಿಬ್ಬಂದಿ, ಹಣ ಬೆಕ್ಕಿಗೆ ಸಿಗುವುದು ಅಪರೂಪ. ಬಲೆ ಬೀಸಿ ನಾಯಿ ಹಿಡಿದಂತೆ ಬೆಕ್ಕು ಹಿಡಿಯಲಾಗದು. ಬೋನು ಇಟ್ಟು, ಆಹಾರ ತೋರಿಸಿ, ಕಾದು ಕೂರಬೇಕು. ಅದನ್ನು ಮಾಡಬಲ್ಲವರು ಯಾರು? ಬೆಕ್ಕು ಯಾರ ಧ್ವನಿ ಕೇಳಿದರೆ ಓಡಿ ಬರುತ್ತದೋ ಅವರು. ಅಂದರೆ ನೆರೆಯವರು ಯಾರ ಮೇಲೆ ಸಿಟ್ಟಾಗಿದ್ದಾರೋ ಅವರೇ. ಆಹಾರ ಹಾಕುವುದನ್ನು ನಿಲ್ಲಿಸಿದರೆ ಬೆಕ್ಕು ಹಿಡಿಯುವ ದಾರಿಯೂ ಮುಚ್ಚುತ್ತದೆ ಎಂಬ ಮಾತು ದೂರುದಾರರಿಗೆ ತಲುಪುವುದೇ ಇಲ್ಲ.

ಮಾತು ಮೀರಿದಾಗ

ಎಲ್ಲ ಜಗಳವೂ ವಾಸನೆಯ ಬಗ್ಗೆಯೇ ಇರುವುದಿಲ್ಲ. ತಟ್ಟೆ ಒದೆಯುವುದು, ಬೆಕ್ಕಿಗೆ ಬಿಸಿನೀರು ಎರಚುವುದು, ಆಹಾರದಲ್ಲಿ ವಿಷ ಬೆರೆಸುವುದು, ಒಂಟಿಯಾಗಿ ಇರುವ ಹೆಣ್ಣುಮಗಳನ್ನು ಅಡ್ಡಗಟ್ಟಿ ಹೆದರಿಸುವುದೂ ನಡೆಯುತ್ತದೆ. ಬಾಡಿಗೆಗೆ ಇರುವವರ ಸ್ಥಿತಿ ಇನ್ನೂ ನಾಜೂಕು. ಮನೆ ಮಾಲೀಕರಿಗೆ ಒಂದು ಫೋನ್ ಹೋದರೆ ಸಾಕು, 'ಬೇರೆ ಮನೆ ನೋಡಿಕೊಳ್ಳಿ' ಎಂಬ ಮಾತು ಬರುತ್ತದೆ. ಓದಲು, ಕೆಲಸ ಮಾಡಲು ಕರ್ನಾಟಕದಿಂದ ಪುಣೆಗೆ ಹೋಗಿ ಬಾಡಿಗೆಗಿರುವ ಯುವಜನರಿಗೆ ಇದು ದೂರದ ಮಾತಲ್ಲ.

ಇಲ್ಲಿ ಕಾನೂನು ಸ್ಪಷ್ಟವಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಯಾವುದೇ ಪ್ರಾಣಿಯನ್ನು ಕೊಲ್ಲುವುದು, ವಿಷವಿಕ್ಕುವುದು, ಅಂಗಹೀನ ಮಾಡುವುದು ಐದು ವರ್ಷಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡನ್ನೂ ವಿಧಿಸಬಹುದಾದ ಅಪರಾಧ. ಹಳೆಯ ದಂಡ ಸಂಹಿತೆಯಲ್ಲಿ ಪ್ರಾಣಿಯ ಬೆಲೆ 10 ರೂಪಾಯಿಯೋ 50 ರೂಪಾಯಿಯೋ ಎಂದು ನೋಡಬೇಕಿತ್ತು. ಬೀದಿ ಬೆಕ್ಕಿಗೆ ಬೆಲೆ ಎಲ್ಲಿಂದ ತರುವುದು ಎಂಬ ವಾದಕ್ಕೆ ಈಗ ಜಾಗವಿಲ್ಲ. 1960ರ ಕಾಯ್ದೆಯಲ್ಲಿ ಮಾತ್ರ ಮೊದಲ ಅಪರಾಧಕ್ಕೆ ದಂಡ ಇಂದಿಗೂ 10ರಿಂದ 50 ರೂಪಾಯಿ. ಅದನ್ನು ಹೆಚ್ಚಿಸುವ ಕರಡು ಮಸೂದೆ 2022ರಲ್ಲಿ ಪ್ರಕಟವಾಗಿತ್ತು, ಕಾಯ್ದೆಯಾಗಲಿಲ್ಲ.

ಬೆದರಿಕೆಗೆ 351, ಅಡ್ಡಗಟ್ಟುವುದಕ್ಕೆ 126, ಮಹಿಳೆಯ ಗೌರವಕ್ಕೆ ಧಕ್ಕೆ ತರುವ ಮಾತು ಅಥವಾ ಸನ್ನೆಗೆ 79ನೇ ಕಲಂ ಇವೆ. ಬರೀ ಮಾತಿನ ಬೆದರಿಕೆಯಾದರೆ ಠಾಣೆಯಲ್ಲಿ ಸಾಮಾನ್ಯವಾಗಿ ಎನ್‌ಸಿ ದಾಖಲಿಸಿ ಕಳುಹಿಸುತ್ತಾರೆ. ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಅದರ ತನಿಖೆ ನಡೆಯುವುದಿಲ್ಲ. ಆದರೆ ಅದೇ ವ್ಯಕ್ತಿ ಮತ್ತೆ ಮತ್ತೆ ತೊಂದರೆ ಕೊಟ್ಟರೆ ಆ ಹಳೆಯ ಎನ್‌ಸಿ ಒಂದು ದಾಖಲೆಯಾಗಿ ನಿಲ್ಲುತ್ತದೆ.

ಜಗಳದಲ್ಲಿರುವವರು ಮಾಡಬಹುದಾದ್ದೇನು?

ಆಹಾರ ಹಾಕುವವರು ಮೊದಲು ತಮ್ಮ ಕಡೆಯ ಲೋಪ ಸರಿಪಡಿಸಿಕೊಳ್ಳುವುದು ಜಾಣತನ. ದಿನವೂ ಒಂದೇ ಹೊತ್ತು, ಒಂದೇ ಜಾಗ. ಅರ್ಧ ಗಂಟೆಯಲ್ಲಿ ತಟ್ಟೆ ಎತ್ತಿ ನೆಲ ಒರೆಸಬೇಕು. ನೆರೆಯವರ ಬಾಗಿಲು, ವಾಹನ, ಮೆಟ್ಟಿಲಿನ ಬಳಿ ಬೇಡ. ನೀರಿನ ಬಟ್ಟಲು ಇರಲಿ, ಹಾಲು ಬೇಡ. ದೊಡ್ಡ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ, ಅದರ ಗಲೀಜಿಗೆ ಬೈಸಿಕೊಳ್ಳುವುದು ಹಾಲಿಟ್ಟವರೇ. ಒಂದು ಮೂಲೆಯಲ್ಲಿ ಮರಳಿನ ತೊಟ್ಟಿ ಇಟ್ಟು ದಿನವೂ ಶುಚಿ ಮಾಡಿದರೆ ಹೂಕುಂಡಗಳು ಉಳಿಯುತ್ತವೆ. ಲಸಿಕೆ, ಆಪರೇಷನ್‌ನ ರಸೀದಿಗಳನ್ನು ಜೋಪಾನ ಮಾಡಬೇಕು. ವಾದಕ್ಕಿಂತ ಆ ರಸೀದಿಗೆ ತೂಕ ಹೆಚ್ಚು.

ಎರಡನೆಯದು, ಮಾತನ್ನು ಬರಹಕ್ಕೆ ತರುವುದು. ಜಗಳದ ದಿನಾಂಕ, ಹೊತ್ತು, ನಡೆದದ್ದನ್ನು ಬರೆದಿಟ್ಟುಕೊಳ್ಳಬೇಕು. ಸೊಸೈಟಿ ಕಾರ್ಯದರ್ಶಿಗೆ ಲಿಖಿತ ಅರ್ಜಿ ಕೊಟ್ಟು ಜಾಗ, ಸಮಯ ನಿಗದಿ ಮಾಡುವಂತೆ ಕೇಳಬೇಕು. ಮಹಾರಾಷ್ಟ್ರದಲ್ಲಿ ಅರ್ಜಿ ಮರಾಠಿಯಲ್ಲಿದ್ದರೆ ಕೆಲಸ ಸುಲಭ. ನೆರೆಯವರ ಫೋಟೊ, ವಿಡಿಯೊ ಸಾಮಾಜಿಕ ಜಾಲತಾಣದಲ್ಲಿ ಹಾಕುವುದು ಬೇಡ. ಅನುಕಂಪ ಗಿಟ್ಟಬಹುದು, ಜೊತೆಗೆ ಮಾನನಷ್ಟದ ದೂರೂ ಬರಬಹುದು.

ಸೊಸೈಟಿಯಲ್ಲಿ ಬಗೆಹರಿಯದಿದ್ದರೆ 20ನೇ ನಿಯಮವೇ ಮುಂದಿನ ದಾರಿ ಹೇಳುತ್ತದೆ. ಅದು ಪ್ರಾಣಿ ಕಲ್ಯಾಣ ಸಮಿತಿ. ಮುಖ್ಯ ಪಶುವೈದ್ಯಾಧಿಕಾರಿ ಅಥವಾ ಅವರ ಪ್ರತಿನಿಧಿ, ಪೊಲೀಸ್ ಪ್ರತಿನಿಧಿ, ಪ್ರಾಣಿ ದಯಾ ಸಂಘದ ಅಥವಾ ರಾಜ್ಯ ಮಂಡಳಿಯ ಪ್ರತಿನಿಧಿ, ಸಂತಾನ ನಿಯಂತ್ರಣ ನಡೆಸುವ ಸಂಸ್ಥೆ, ಸ್ಥಳೀಯ ಸಂಸ್ಥೆಯ ಪಶುವೈದ್ಯರು, ದೂರುದಾರರು, ನಿವಾಸಿಗಳ ಸಂಘದವರು ಅದರಲ್ಲಿ ಇರಬೇಕು. ಎಲ್ಲಿ ಆಹಾರ ಹಾಕಬೇಕು ಎಂದು ಈ ಸಮಿತಿ ತೀರ್ಮಾನಿಸಬಹುದು. ಪುಣೆಯವರಾದರೆ ಇದಕ್ಕಾಗಿ ಅರ್ಜಿ ಕೊಡಬೇಕಾದದ್ದು ಪಾಲಿಕೆಗೆ. ದೂರು ಇರುವ ನೆರೆಯವರೂ ಇದೇ ಸಮಿತಿಯನ್ನು ಕೇಳಬಹುದು ಎಂಬುದನ್ನು ಮರೆಯಬಾರದು. ಅದು ಒಂದೇ ಪಕ್ಷದ ಆಸ್ತಿಯಲ್ಲ. ವಾಸನೆ, ಗಲೀಜು ಮಿತಿ ಮೀರಿದರೆ ಸಾರ್ವಜನಿಕ ಉಪದ್ರವದ ಹೆಸರಿನಲ್ಲಿ ಮ್ಯಾಜಿಸ್ಟ್ರೇಟ್ ಬಳಿ ಹೋಗುವ ದಾರಿಯೂ ಅವರಿಗಿದೆ. ವಿಷದ ಪೊಟ್ಟಣ ಮಾತ್ರ ದಾರಿಯಲ್ಲ.

ಬೆಕ್ಕು ಅನುಮಾನಾಸ್ಪದವಾಗಿ ಸತ್ತರೆ ತಕ್ಷಣ ಹೂಳಬಾರದು. ಫೋಟೊ ತೆಗೆದು, 112ಕ್ಕೆ ಅಥವಾ ಠಾಣೆಗೆ ತಿಳಿಸಿ, ಸರ್ಕಾರಿ ಪಶುವೈದ್ಯಾಲಯದಲ್ಲಿ ಮರಣೋತ್ತರ ಪರೀಕ್ಷೆ ಮಾಡಿಸಬೇಕು. ಆ ವರದಿ ಇಲ್ಲದಿದ್ದರೆ 325ನೇ ಕಲಂ ಕಾಗದದಲ್ಲೇ ಉಳಿಯುತ್ತದೆ. ಇನ್ನು ಯಾರಿಗಾದರೂ ಬೆಕ್ಕು ಕಚ್ಚಿದರೆ ಅಥವಾ ಪರಚಿ ರಕ್ತ ಬಂದರೆ ಜಗಳ ಬದಿಗಿಟ್ಟು, ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ರೇಬೀಸ್ ಬೆಕ್ಕಿನಿಂದಲೂ ಬರುತ್ತದೆ.

ಪಾಲಿಕೆ ಮುಂದಿರುವ ಪ್ರಶ್ನೆ

ಸಮಿತಿ ನಿಯಮದಲ್ಲಿದೆ. ಆದರೆ ಅಂಥದ್ದೊಂದು ಇದೆ ಎಂಬುದು ಸೊಸೈಟಿ ಕಾರ್ಯದರ್ಶಿಗಳಲ್ಲಿ ಎಷ್ಟು ಜನರಿಗೆ ಗೊತ್ತು? ಅರ್ಜಿ ಕೊಟ್ಟರೆ ಎಷ್ಟು ದಿನದಲ್ಲಿ ಸಭೆ ಸೇರಬೇಕು? ಒಂದು ಬೆಕ್ಕು ಮೂರು ಸೊಸೈಟಿ ಸುತ್ತಿದರೆ ಯಾವ ಸೊಸೈಟಿಯವರನ್ನು ಕರೆಯಬೇಕು? ಈ ಪ್ರಶ್ನೆಗಳಿಗೆ ವಾರ್ಡ್ ಮಟ್ಟದಲ್ಲೇ ಉತ್ತರ ಸಿಗಬೇಕು. ಒಂದು ಗೇಟಿಗೆ ಬದಲು ಒಂದು ಬೀದಿಯನ್ನು ಘಟಕವಾಗಿ ಹಿಡಿದು ಬೆಕ್ಕುಗಳ ಎಣಿಕೆ, ಆಪರೇಷನ್, ಆಹಾರದ ಜಾಗ ನಿಗದಿ ಮಾಡಿದರೆ ಅರ್ಧದಷ್ಟು ದೂರುಗಳು ಠಾಣೆಯವರೆಗೆ ಬರುವುದಿಲ್ಲ.

ಬೆಂಗಳೂರಿಗೂ ಇದು ಅನ್ವಯಿಸುತ್ತದೆ. 2025ರ ಜುಲೈನಲ್ಲಿ ಸುಮಾರು 5,000 ಬೀದಿ ನಾಯಿಗಳಿಗೆ ಆಹಾರ ನೀಡುವ ಬಿಬಿಎಂಪಿಯ 2.88 ಕೋಟಿ ರೂಪಾಯಿ ಯೋಜನೆ ದೊಡ್ಡ ಚರ್ಚೆಯಾಯಿತು. ಅಲ್ಲಿಯೂ ಬೆಕ್ಕಿನ ಮಾತು ಬರಲಿಲ್ಲ. ನಾಯಿಯಷ್ಟು ಗದ್ದಲ ಎಬ್ಬಿಸದ ಪ್ರಾಣಿ ಎಂಬ ಕಾರಣಕ್ಕೆ ಬೆಕ್ಕಿನ ಪಾಲನ್ನು ಪಾಲಿಕೆಗಳು ನಿವಾಸಿಗಳ ಮೇಲೆ ಬಿಟ್ಟಿವೆ. ಪಾಲಿಕೆ ಮಾಡಬೇಕಾದ ಕೆಲಸಕ್ಕೆ ಅಕ್ಕಪಕ್ಕದ ಮನೆಯವರು ಪರಸ್ಪರ ಬೈದಾಡಿಕೊಳ್ಳುತ್ತಿದ್ದಾರೆ.

ತಟ್ಟೆ ಹತ್ತು ಅಡಿ ಆಚೆ ಸರಿದರೆ ಉಣಿಸುವವರಿಗೆ ನಷ್ಟವಿಲ್ಲ. ಆಪರೇಷನ್‌ನ ಖರ್ಚಿಗೆ ಸೊಸೈಟಿ ಒಂದಿಷ್ಟು ಕೊಟ್ಟರೆ ದೂರುವವರಿಗೂ ನಷ್ಟವಿಲ್ಲ, ಮುಂದಿನ ವರ್ಷ ಮರಿಗಳೇ ಇರುವುದಿಲ್ಲ. ಇಬ್ಬರನ್ನೂ ಒಂದು ಮೇಜಿನ ಮುಂದೆ ಕೂರಿಸಬೇಕಾದ ಸಮಿತಿಯ ಕುರ್ಚಿಗಳು ಖಾಲಿ ಇದ್ದಷ್ಟು ದಿನ, ಆ ಮಾತುಕತೆ ಮೆಟ್ಟಿಲಿನ ಮೇಲೆ, ಕೂಗಾಟದಲ್ಲೇ ನಡೆಯುತ್ತಿರುತ್ತದೆ.